ನಗು ಕಾಣದ ಮುಖ: ಮೋಬಿಯಸ್ ಲಕ್ಷಣಕೂಟದ ಪರಿಚಯ

“ಮುಖವೇ ಮನಸ್ಸಿನ ಕನ್ನಡಿ” ಎಂಬ ಮಾತನ್ನು ಕೇಳದವರಿಲ್ಲ. ಅಪ್ಪನ ಹುಬ್ಬು ಗಂಟಿಕ್ಕಿದ್ದರೆ ಅಂಕಪಟ್ಟಿಯನ್ನು ನಾಳೆ ತೋರಿಸೋಣವೆಂದು ಮಕ್ಕಳು ನಿಶ್ಚಯಿಸುತ್ತಾರೆ. ಪಾಠ ಅರ್ಥವಾಯಿತೇ ಇಲ್ಲವೇ ಎಂಬುದನ್ನು ಅಧ್ಯಾಪಕರಾದ ನಾವೂ ಬಹುಮಟ್ಟಿಗೆ ಮಕ್ಕಳ ಮುಖ ನೋಡಿಯೇ ಊಹಿಸುತ್ತೇವೆ. ಕೂಸು ಹುಟ್ಟಿ ಆರೆಂಟು ವಾರಗಳಾಗುವಾಗ ತಾಯಿಯ ಮುಖ ನೋಡಿ ಮೊದಲ ಸಲ ನಕ್ಕರೆ ಮನೆಮಂದಿಯೆಲ್ಲ ತೊಟ್ಟಿಲ ಸುತ್ತ ನೆರೆಯುತ್ತಾರೆ. ನಾವು ಮಾತು ಕಲಿಯುವುದಕ್ಕೆ ಮೊದಲೇ ಕಲಿಯುವ ಭಾಷೆ ಮುಖದ ಭಾಷೆ.

ಈ ಭಾಷೆಯನ್ನು ಅರ್ಥಮಾಡಿಕೊಳ್ಳಬಲ್ಲರು, ಆದರೆ ಹುಟ್ಟಿನಿಂದಲೇ ಆಡಲಾರರು ಎಂಬಂತಹ ಮಕ್ಕಳೂ ಲೋಕದಲ್ಲಿದ್ದಾರೆ. ಅವರಿಗೆ ಸಂತೋಷವಾಗುತ್ತದೆ, ಆದರೆ ತುಟಿ ಅರಳುವುದಿಲ್ಲ. ಅಳು ಬರುತ್ತದೆ, ಆದರೆ ಮುಖ ಕಿವಿಚುವುದಿಲ್ಲ. ಇದಕ್ಕೆ ಕಾರಣವಾದ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಮೋಬಿಯಸ್ ಲಕ್ಷಣಕೂಟ ಅಥವಾ ಮೋಬಿಯಸ್ ಸಿಂಡ್ರೋಮ್ ಎಂದು ಹೆಸರು. ಇದು ಬಹಳ ಅಪರೂಪ. ಐವತ್ತು ಸಾವಿರ ಜನನಗಳಿಗೆ ಒಂದು ಎನ್ನುವುದರಿಂದ ಹಿಡಿದು ಐದು ಲಕ್ಷಕ್ಕೆ ಒಂದು ಎನ್ನುವವರೆಗೆ ಬೇರೆ ಬೇರೆ ಅಂದಾಜುಗಳಿವೆ. ಇಷ್ಟು ಅಪರೂಪವಾದುದನ್ನು ನಾವೇಕೆ ತಿಳಿಯಬೇಕು ಎಂದು ಕೆಲವರು ಕೇಳಬಹುದು. ಅಪರೂಪವಾದುದರಿಂದಲೇ ಜನ ಅದನ್ನು ತಪ್ಪಾಗಿ ತಿಳಿಯುತ್ತಾರೆ. ಆ ತಪ್ಪಿನ ಭಾರವನ್ನು ಹೊರುವುದು ಮಗು.

೧. ಮುಖವನ್ನು ಆಡಿಸುವ ನರ

ನಮ್ಮ ಮಿದುಳಿನಿಂದ ಹನ್ನೆರಡು ಜೊತೆ ನರಗಳು ನೇರವಾಗಿ ಹೊರಡುತ್ತವೆ. ಇವಕ್ಕೆ ಕಪಾಲ ನರಗಳೆಂದು ಹೆಸರು. ಮೊದಲನೆಯದು ವಾಸನೆಗೆ, ಎರಡನೆಯದು ನೋಟಕ್ಕೆ, ಎಂಟನೆಯದು ಶ್ರವಣ ಮತ್ತು ಸಮತೋಲನಕ್ಕೆ. ಈ ಲೇಖನಕ್ಕೆ ಮುಖ್ಯವಾದವು ಆರನೆಯ ಮತ್ತು ಏಳನೆಯ ನರಗಳು.

ಏಳನೆಯದೇ ಮುಖನರ. ಇದು ಮಿದುಳಿನ ಕಾಂಡದಿಂದ ಹೊರಟು, ಕಿವಿಯ ಬಳಿಯ ಎಲುಬಿನೊಳಗಿನ ಇಕ್ಕಟ್ಟಾದ ಕಾಲುವೆಯಲ್ಲಿ ಸಾಗಿ, ಕಿವಿಯ ಕೆಳಗೆ ಹೊರಬಂದು, ಕೆನ್ನೆಯಲ್ಲಿ ಐದು ಮುಖ್ಯ ಕವಲುಗಳಾಗಿ ಹರಡುತ್ತದೆ. ಹಣೆ ಸುಕ್ಕಾಗುವುದು, ಕಣ್ಣು ಮುಚ್ಚುವುದು, ಮೂಗು ಅರಳುವುದು, ತುಟಿ ಕೂಡುವುದು, ನಗುವುದು, ಸೀಟಿ ಹಾಕುವುದು ಎಲ್ಲವೂ ಇದರ ಆಜ್ಞೆಯಿಂದ. ಕಣ್ಣೀರು ಮತ್ತು ಜೊಲ್ಲು ಸುರಿಸುವ ಗ್ರಂಥಿಗಳ ಕೆಲಸದಲ್ಲಿಯೂ ನಾಲಗೆಯ ಮುಂಭಾಗದ ರುಚಿಯಲ್ಲಿಯೂ ಇದಕ್ಕೆ ಪಾಲಿದೆ. ಆರನೆಯ ನರದ ಕೆಲಸ ಒಂದೇ: ಕಣ್ಣುಗುಡ್ಡೆಯನ್ನು ಹೊರಮಗ್ಗುಲಿಗೆ, ಎಂದರೆ ಕಿವಿಯ ಕಡೆಗೆ, ಹೊರಳಿಸುವುದು.

ಮೋಬಿಯಸ್ ಲಕ್ಷಣಕೂಟದಲ್ಲಿ ಈ ಎರಡು ನರಗಳು ಅಥವಾ ಮಿದುಳಿನ ಕಾಂಡದಲ್ಲಿರುವ ಅವುಗಳ ಕೇಂದ್ರಗಳು ಗರ್ಭದಲ್ಲಿರುವಾಗಲೇ ಸರಿಯಾಗಿ ಬೆಳೆದಿರುವುದಿಲ್ಲ. ಹಾಗಾಗಿ ಮುಖದ ಎರಡೂ ಬದಿಗಳು, ಕೆಲವರಲ್ಲಿ ಒಂದೇ ಬದಿ, ಚಲಿಸುವುದಿಲ್ಲ. ಕಣ್ಣುಗಳು ಪಕ್ಕಕ್ಕೆ ಹೊರಳುವುದಿಲ್ಲ. ಕೆಲವರಲ್ಲಿ ನಾಲಗೆಯನ್ನು ಆಡಿಸುವ ಹನ್ನೆರಡನೆಯ ನರವೂ ದುರ್ಬಲವಾಗಿರುತ್ತದೆ. ಪಾದ ಒಳಕ್ಕೆ ತಿರುಚಿಕೊಂಡಿರುವುದು, ಬೆರಳುಗಳು ಕಿರಿದಾಗಿರುವುದು ಅಥವಾ ಇಲ್ಲದಿರುವುದು, ಎದೆಯ ಒಂದು ಬದಿಯ ಸ್ನಾಯು ಬೆಳೆಯದಿರುವುದು ಇವೂ ಕೆಲವು ಮಕ್ಕಳಲ್ಲಿ ಜೊತೆಗೂಡಿರುತ್ತವೆ. ಹೀಗೆ ಹಲವು ಲಕ್ಷಣಗಳು ಒಂದಾಗಿ ಬರುವುದರಿಂದಲೇ ಇದನ್ನು ಲಕ್ಷಣಕೂಟವೆನ್ನುತ್ತೇವೆ.

ಇಲ್ಲಿ ಎರಡು ವಿಷಯಗಳನ್ನು ನೆನಪಿಡಬೇಕು. ಒಂದನೆಯದು, ಇದು ಹುಟ್ಟಿನೊಡನೆ ಬಂದದ್ದು. ವಯಸ್ಸಾದಂತೆ ಉಲ್ಬಣಿಸುವುದಿಲ್ಲ, ಒಬ್ಬರಿಂದೊಬ್ಬರಿಗೆ ಹರಡುವುದೂ ಇಲ್ಲ. ಎರಡನೆಯದು, ಮುಖದ ಸ್ಪರ್ಶಜ್ಞಾನವೂ ಅಗಿಯುವ ಸ್ನಾಯುಗಳೂ ಐದನೆಯ ನರಕ್ಕೆ ಸೇರಿದವು. ಆದುದರಿಂದ ಸಾಮಾನ್ಯವಾಗಿ ಈ ಮಕ್ಕಳು ಅಗಿಯಬಲ್ಲರು. ಅಮ್ಮ ಕೆನ್ನೆಗೆ ಮುತ್ತಿಟ್ಟದ್ದು ಅವರಿಗೆ ಎಲ್ಲ ಮಕ್ಕಳಂತೆಯೇ ತಿಳಿಯುತ್ತದೆ. ತಿಳಿಯಿತೆಂದು ಮುಖದಲ್ಲಿ ತೋರಿಸಲಾರರು, ಅಷ್ಟೆ.

ನಮ್ಮ ಊರುಗಳಲ್ಲಿ ಹಿರಿಯರೊಬ್ಬರಿಗೆ ಬೆಳಗಾಗುವಷ್ಟರಲ್ಲಿ ಬಾಯಿ ಒಂದು ಬದಿಗೆ ವಾಲಿದರೆ “ವಾಯುವಾಗಿದೆ” ಎನ್ನುವುದುಂಟು. ಆಯುರ್ವೇದದಲ್ಲಿ ಇದಕ್ಕೆ ಅರ್ದಿತವೆಂದು ಹೆಸರು. ಇಂಗ್ಲಿಷ್ ವೈದ್ಯದಲ್ಲಿ ಇಂತಹ ಒಂದು ಬಗೆಗೆ, ಮುಖನರವನ್ನು ಅಭ್ಯಸಿಸಿದ ಚಾರ್ಲ್ಸ್ ಬೆಲ್ (೧೭೭೪–೧೮೪೨) ಅವರ ನೆನಪಿನಲ್ಲಿ, ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಅದು ಹಠಾತ್ತಾಗಿ ಬಂದು, ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಮೋಬಿಯಸ್ ಅದಲ್ಲ. ಇಲ್ಲಿ ಇದ್ದ ಶಕ್ತಿ ಹೋದದ್ದಲ್ಲ, ಬರಬೇಕಾದ ಶಕ್ತಿಯೇ ಬಂದಿಲ್ಲ. ಎಣ್ಣೆ ತಿಕ್ಕಿದರೆ, ಶಾಖ ಕೊಟ್ಟರೆ ಈ ನರ ಮರಳಿ ಬರುವುದಿಲ್ಲ.

೨. ಹೆಸರು ಬಂದ ಬಗೆ

ಜರ್ಮನಿಯ ಲೈಪ್‌ಝಿಗ್ ನಗರದ ನರರೋಗತಜ್ಞ ಪಾಲ್ ಜೂಲಿಯಸ್ ಮೋಬಿಯಸ್ (೧೮೫೩–೧೯೦೭) ಎಂಬವರು ೧೮೮೮ರಲ್ಲಿ ಮುಖದ ಹಾಗೂ ಕಣ್ಣಿನ ಈ ಜನ್ಮಜಾತ ದೌರ್ಬಲ್ಯವನ್ನು ವಿವರಿಸಿದರು. ಅವರಿಗಿಂತ ಮೊದಲೇ, ೧೮೮೦ರಲ್ಲಿ, ಗ್ರೇಫೆ ಎಂಬ ಕಣ್ಣಿನ ವೈದ್ಯರು ಇಂತಹದನ್ನು ಗುರುತಿಸಿದ್ದರು. ಆದರೂ ಮೋಬಿಯಸ್ ಅವರ ಹೆಸರೇ ಉಳಿಯಿತು. ಅವರ ಜನ್ಮದಿನವಾದ ಜನವರಿ ೨೪ನ್ನು ೨೦೧೧ರಿಂದ ಈ ಲಕ್ಷಣಕೂಟದ ಅರಿವಿನ ದಿನವಾಗಿ ಹಲವು ದೇಶಗಳಲ್ಲಿ ಆಚರಿಸುತ್ತಾರೆ.

ಗಣಿತಾಸಕ್ತ ವಿದ್ಯಾರ್ಥಿಗಳಿಗೆ ಮೋಬಿಯಸ್ ಪಟ್ಟಿಯ ನೆನಪಾಗಬಹುದು. ಕಾಗದದ ಪಟ್ಟಿಯೊಂದನ್ನು ಅರ್ಧ ತಿರುಚಿ ತುದಿಗಳನ್ನು ಅಂಟಿಸಿದರೆ ಒಂದೇ ಮಗ್ಗುಲಿರುವ ಬಳೆಯಾಗುತ್ತದೆಯಲ್ಲವೇ? ಅದನ್ನು ವಿವರಿಸಿದ ಆಗಸ್ಟ್ ಫರ್ಡಿನಾಂಡ್ ಮೋಬಿಯಸ್ ಈ ವೈದ್ಯರ ಅಜ್ಜ. ಅಜ್ಜನ ಹೆಸರು ಗಣಿತದಲ್ಲಿ, ಮೊಮ್ಮಗನ ಹೆಸರು ವೈದ್ಯದಲ್ಲಿ ನಿಂತಿತು.

೩. ಶಿಶುವಿನಲ್ಲಿ ಕಾಣುವ ಗುರುತುಗಳು

ಹುಟ್ಟಿದ ಮೊದಲ ದಿನಗಳಲ್ಲಿಯೇ ಕೆಲವು ಸೂಚನೆಗಳು ಸಿಗುತ್ತವೆ. ಕೂಸಿಗೆ ತುಟಿ ಬಿಗಿಹಿಡಿದು ಮೊಲೆಹಾಲು ಚೀಪುವುದು ಕಷ್ಟವಾಗುತ್ತದೆ. ಹಾಲು ಬಾಯಿಯ ಮೂಲೆಯಿಂದ ಹರಿಯುತ್ತದೆ. ನಿದ್ದೆಯಲ್ಲಿ ರೆಪ್ಪೆಗಳು ಪೂರ್ತಿ ಮುಚ್ಚುವುದಿಲ್ಲ. ಅಳುವಾಗ ಧ್ವನಿ ಬರುತ್ತದೆ, ಮುಖ ಮಾತ್ರ ಇದ್ದಂತೆಯೇ ಇರುತ್ತದೆ. ಆಟಿಕೆಯನ್ನು ಪಕ್ಕಕ್ಕೆ ಸರಿಸಿದರೆ ಕಣ್ಣು ಹಿಂಬಾಲಿಸದೆ ತಲೆಯೇ ತಿರುಗುತ್ತದೆ. ಕೆಲವರಿಗೆ ಒಳಮುಖವಾದ ಮೆಳ್ಳೆಗಣ್ಣು ಇರುತ್ತದೆ. ಎರಡು ಮೂರು ತಿಂಗಳು ಕಳೆದರೂ ಕೂಸು ನಗದಿರುವುದು ತಾಯಿಯ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕುತ್ತದೆ. “ಮಗುವಿಗೆ ನನ್ನ ಗುರುತೇ ಇಲ್ಲವೇ?” ಎಂದು ಆಕೆ ಕೊರಗಬಹುದು. ಗುರುತಿದೆ. ತಾಯಿಯ ಸ್ವರ ಕೇಳಿದಾಗ ಕೈಕಾಲು ಬಡಿಯುವುದನ್ನೂ, ಗಂಟಲಿನಿಂದ ಹೊರಡುವ ಕೇಕೆಯನ್ನೂ ಗಮನಿಸಿದರೆ ಆ ಕೂಸಿನ ನಗು ಅಲ್ಲಿಯೇ ಸಿಗುತ್ತದೆ.

೪. ಕಾರಣವೇನು?

ಹೆಚ್ಚಿನ ಮಕ್ಕಳಲ್ಲಿ ನಿಶ್ಚಿತವಾದ ಕಾರಣ ಸಿಗುವುದಿಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ ಭ್ರೂಣದ ಮಿದುಳಿನ ಕಾಂಡಕ್ಕೆ ರಕ್ತದ ಹರಿವು ಸ್ವಲ್ಪ ಕಾಲ ಕುಂದುವುದರಿಂದ ಹೀಗಾಗಬಹುದೆಂಬುದು ಒಂದು ವಿವರಣೆ. ಕೆಲವೇ ರೋಗಿಗಳಲ್ಲಿ, ತಂದೆತಾಯಿಯರಲ್ಲಿ ಇಲ್ಲದ ಹೊಸ ಬದಲಾವಣೆಗಳು ಎರಡು ಜೀನುಗಳಲ್ಲಿ ಇರುವುದನ್ನು ೨೦೧೫ರಲ್ಲಿ ಸಂಶೋಧಕರು ಕಂಡರು. ಬಹುಪಾಲು ಸಂದರ್ಭಗಳಲ್ಲಿ ಮನೆತನದಲ್ಲಿ ಬೇರೆ ಯಾರಿಗೂ ಇದು ಇರುವುದಿಲ್ಲ.

ಒಂದು ಔಷಧದ ಪಾತ್ರವಂತೂ ತಿಳಿದಿದೆ. ಹೊಟ್ಟೆಯ ಹುಣ್ಣಿಗಾಗಿ ತಯಾರಾದ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಬ್ರೆಜಿಲ್ ದೇಶದಲ್ಲಿ ಕೆಲವರು ಗರ್ಭ ಇಳಿಸಲೆಂದು ತಾವಾಗಿಯೇ ನುಂಗುತ್ತಿದ್ದರು. ಗರ್ಭ ಉಳಿದು ಹುಟ್ಟಿದ ಮಕ್ಕಳಲ್ಲಿ ಈ ಲಕ್ಷಣಕೂಟ ಬರುವ ಸಂಭವ ಹೆಚ್ಚೆಂದು ೧೯೯೮ರಲ್ಲಿ ಪ್ರಕಟವಾದ ಅಲ್ಲಿಯ ಅಧ್ಯಯನವೊಂದು ತೋರಿಸಿತು. ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ಸೇವಿಸಬಾರದೆಂಬ ಬುದ್ಧಿವಾದಕ್ಕೆ ಇದೂ ಒಂದು ಆಧಾರ. ಆದರೆ ಇದನ್ನು ತಿರುಗಿಸಿ, ಇಂತಹ ಮಗುವಿನ ಪ್ರತಿಯೊಬ್ಬ ತಾಯಿಯನ್ನೂ ಸಂಶಯದಿಂದ ನೋಡುವುದು ಅನ್ಯಾಯ. ಬಹುಮಂದಿ ತಾಯಂದಿರು ಇಂತಹ ಯಾವ ಔಷಧವನ್ನೂ ಮುಟ್ಟಿದವರಲ್ಲ. ಗ್ರಹಣದಂದು ಹೊರಗೆ ಬಂದುದರಿಂದ, ಕತ್ತಿ ಹಿಡಿದುದರಿಂದ, ಯಾರದೋ ದೃಷ್ಟಿ ತಾಗಿದುದರಿಂದ ಮಗು ಹೀಗೆ ಹುಟ್ಟಿತೆಂಬ ಮಾತುಗಳಿಗೆ ಆಧಾರವಿಲ್ಲ. ಹೆತ್ತ ಒಡಲಿಗೆ ಹೆರಿಗೆಯ ನೋವಿನ ಮೇಲೆ ನಿಂದೆಯ ನೋವನ್ನೂ ಹೊರಿಸಬಾರದು.

೫. ಪ ವರ್ಗದ ಪಾಠ

ವ್ಯಾಕರಣದ ಪಾಠದಲ್ಲಿ ಪ, ಫ, ಬ, ಭ, ಮ ಈ ಐದನ್ನು ಓಷ್ಠ್ಯಗಳೆಂದು ಕಲಿತಿದ್ದೀರಿ. ಓಷ್ಠವೆಂದರೆ ತುಟಿ. ಎರಡು ತುಟಿಗಳು ಕೂಡದೆ ಈ ಅಕ್ಷರಗಳು ಹುಟ್ಟವು. ಒಂದು ಚಿಕ್ಕ ಪ್ರಯೋಗ ಮಾಡಿ. ಕೈ ತೊಳೆದು, ಬೆರಳಿನಿಂದ ಕೆಳತುಟಿಯನ್ನು ಕೆಳಕ್ಕೆ ಎಳೆದು ಹಿಡಿಯಿರಿ. ಈಗ “ಅಕ್ಕ, ಅಣ್ಣ, ಅಜ್ಜಿ, ಅತ್ತೆ” ಎನ್ನಿ. ಬರುತ್ತದೆ. ಇನ್ನು “ಅಮ್ಮ, ಅಪ್ಪ” ಎನ್ನಿ. ಬರಲಿಲ್ಲವಷ್ಟೆ?

ನಮ್ಮ ಕಾಸರಗೋಡಿನ ಮನೆಗಳಲ್ಲಿ ತಂದೆತಾಯಿಯರನ್ನು ಕರೆಯುವ ಮಾತುಗಳನ್ನು ನೋಡಿ. ಕನ್ನಡದಲ್ಲಿ ಅಮ್ಮ, ಅಪ್ಪ. ತುಳುವಿನಲ್ಲಿ ತಾಯಿ ಅಪ್ಪೆ, ತಂದೆ ಅಮ್ಮೆ. ಹವ್ಯಕರಲ್ಲಿ ಅಬ್ಬೆ. ಮಲೆಯಾಳದಲ್ಲಿ ಅಮ್ಮ, ಮುಸಲ್ಮಾನರ ಮನೆಗಳಲ್ಲಿ ಉಮ್ಮ, ಉಪ್ಪ. ಎಲ್ಲದರಲ್ಲಿಯೂ ತುಟಿ ಕೂಡಲೇಬೇಕು. ತುಟಿ ಕೂಡದ ಮಗುವಿಗೆ ಎಲ್ಲರಿಗಿಂತ ಹತ್ತಿರದವರ ಹೆಸರೇ ಎಲ್ಲಕ್ಕಿಂತ ಕಠಿಣವಾಗುತ್ತದೆ. ಅದು ಅಮ್ಮನನ್ನು ಕರೆದರೆ ಕೇಳಿದವರಿಗೆ “ಅನ್ನ” ಎಂದಂತಾಗಬಹುದು. ಹಸಿವೆಂದು ತಿಳಿದು ತಟ್ಟೆ ತಂದಿಡಬಹುದು.

ಆದರೆ ಮಗು ಸೋಲುವುದಿಲ್ಲ. ನಾಲಗೆಯ ತುದಿಯನ್ನು ಮೇಲಿನ ತುಟಿಗೋ ಹಲ್ಲಿಗೋ ತಾಗಿಸಿ ‘ಪ’, ‘ಮ’ಗಳಿಗೆ ಸಮೀಪವಾದ ಧ್ವನಿಯನ್ನು ತೆಗೆಯಲು ಅದು ಕಲಿಯುತ್ತದೆ. ವಾಕ್‌ಚಿಕಿತ್ಸಕರು ಇದನ್ನು ಕ್ರಮವಾಗಿ ಕಲಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ತಿರುವನಂತಪುರದ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇಂತಹ ವಿದ್ಯೆಗೆ ಮೀಸಲಾದ ಸಂಸ್ಥೆಗಳು. ಕೇಳುವ ನಮ್ಮ ಕಿವಿಯೂ ಸ್ವಲ್ಪ ಕಲಿಯಬೇಕು. ಹೊಸ ಊರಿನವರ ಮಾತು ಮೊದಲ ದಿನ ತೊಡಕೆನಿಸಿ ವಾರದೊಳಗೆ ತಿಳಿಯಾಗುವುದಿಲ್ಲವೇ? ಇದೂ ಹಾಗೆಯೇ.

೬. ಆರೈಕೆ ಮತ್ತು ಚಿಕಿತ್ಸೆ

ನರವನ್ನು ಹೊಸದಾಗಿ ಹುಟ್ಟಿಸುವ ಔಷಧವಿಲ್ಲ. ಆದರೆ ಮಾಡಬಹುದಾದದ್ದು ಬಹಳವಿದೆ.

ಹಾಲು: ಚೀಪಲಾರದ ಕೂಸನ್ನು ತಲೆ ಎತ್ತರಿಸಿ ಹಿಡಿದು, ಒಳಲೆಯಿಂದಲೋ ಚಮಚದಿಂದಲೋ ವಿಶೇಷವಾದ ಬಾಟಲಿಯಿಂದಲೋ ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಹಾಲು ಶ್ವಾಸನಾಳಕ್ಕೆ ಹೋಗದಂತೆ ಕುಡಿಸುವ ಕ್ರಮವನ್ನು ವೈದ್ಯರಿಂದಲೋ ದಾದಿಯರಿಂದಲೋ ಕಲಿಯತಕ್ಕದ್ದು.

ಕಣ್ಣು: ರೆಪ್ಪೆ ಮುಚ್ಚದ ಕಣ್ಣು ಬೇಗ ಒಣಗುತ್ತದೆ, ಧೂಳು ಕುಳಿತು ಹುಣ್ಣಾಗಿ ನೋಟಕ್ಕೇ ಅಪಾಯವಾಗಬಹುದು. ವೈದ್ಯರು ಹೇಳಿದ ಹನಿಗಳನ್ನು ಹಗಲಿನಲ್ಲಿ, ಮುಲಾಮನ್ನು ರಾತ್ರಿ ತಪ್ಪದೆ ಹಾಕಬೇಕು. ಬಿಸಿಲಿಗೆ ಹೋಗುವಾಗ ಟೋಪಿ, ಕನ್ನಡಕ ಬೇಕು.

ಹಲ್ಲು: ಕೆನ್ನೆಯ ಸ್ನಾಯು ಆಡದುದರಿಂದ ಆಹಾರ ಕೆನ್ನೆಯ ಸಂದಿಯಲ್ಲಿ ಉಳಿದು ಹಲ್ಲು ಹುಳುಕಾಗುವುದು ಸುಲಭ. ಪ್ರತಿಸಲ ಉಂಡಮೇಲೆ ಬಾಯಿ ಚೆನ್ನಾಗಿ ತೊಳೆಸಬೇಕು.

ಪಾದ: ತಿರುಚಿದ ಪಾದವನ್ನು ಎಳೆಯ ವಯಸ್ಸಿನಲ್ಲಿಯೇ ವಾರವಾರ ಪ್ಲಾಸ್ಟರು ಹಾಕಿ ಬಹುಮಟ್ಟಿಗೆ ನೇರ ಮಾಡಬಹುದು. ಮೆಳ್ಳೆಗಣ್ಣಿಗೂ ಶಸ್ತ್ರಚಿಕಿತ್ಸೆಯುಂಟು. ಕಿವಿಯ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು.

ಎಲ್ಲಿಗೆ ಹೋಗಬೇಕೆಂದು ತಿಳಿಯದ ಹೆತ್ತವರು ಹತ್ತಿರದ ಆರೋಗ್ಯ ಕೇಂದ್ರವನ್ನೋ ಅಂಗನವಾಡಿಯನ್ನೋ ಕೇಳಬಹುದು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ೧೮ ವರ್ಷದವರೆಗಿನ ಮಕ್ಕಳ ಜನ್ಮಜಾತ ನ್ಯೂನತೆಗಳನ್ನು ತಪಾಸಣೆ ಮಾಡಿ ಮುಂದಿನ ಚಿಕಿತ್ಸೆಗೆ ಕಳುಹಿಸುವ ಏರ್ಪಾಡಿದೆ.

ಇನ್ನು ನಗುವಿನ ಮಾತು. ತೊಡೆಯ ಒಳಭಾಗದಲ್ಲಿ ಗ್ರಾಸಿಲಿಸ್ ಎಂಬ ತೆಳುವಾದ ಉದ್ದನೆಯ ಸ್ನಾಯುವಿದೆ. ಅದರ ತುಂಡನ್ನು ತೆಗೆದರೂ ಉಳಿದ ಸ್ನಾಯುಗಳು ಅದರ ಕೆಲಸವನ್ನು ನಡೆಸಿಕೊಳ್ಳುತ್ತವೆ. ಜಪಾನಿನ ಕಿಯೊನೊರಿ ಹರಿಯಿ ಮತ್ತು ಸಂಗಡಿಗರು ಈ ಸ್ನಾಯುವನ್ನು ಮುಖಕ್ಕೆ ಕಸಿ ಮಾಡಿದ್ದನ್ನು ೧೯೭೬ರಲ್ಲಿ ಪ್ರಕಟಿಸಿದರು. ಮೋಬಿಯಸ್ ಇರುವ ಮಕ್ಕಳಿಗೆ ಈ ಕ್ರಮವನ್ನು ಹೊಂದಿಸಿದವರಲ್ಲಿ ಕೆನಡಾದ ಟೊರೊಂಟೊ ನಗರದ ರೊನಾಲ್ಡ್ ಝೂಕರ್ ಮುಖ್ಯರು. ಸ್ನಾಯುವಿನ ತುಂಡಿನ ಒಂದು ತುದಿಯನ್ನು ಬಾಯಿಯ ಮೂಲೆಗೂ ಇನ್ನೊಂದನ್ನು ಕೆನ್ನೆಯ ಮೇಲ್ಭಾಗಕ್ಕೂ ಹೊಲಿಯುತ್ತಾರೆ. ಸೂಕ್ಷ್ಮದರ್ಶಕದಡಿ ರಕ್ತನಾಳಗಳನ್ನು ಜೋಡಿಸುತ್ತಾರೆ. ಮುಖನರವಿಲ್ಲವಲ್ಲ, ಆಜ್ಞೆ ಎಲ್ಲಿಂದ? ಅದಕ್ಕೆ ಅಗಿಯುವ ಐದನೆಯ ನರದ ಕವಲೊಂದನ್ನು ಎರವಲು ಪಡೆಯುತ್ತಾರೆ. ಕೆಲವು ತಿಂಗಳುಗಳ ಬಳಿಕ ಮಗು ಹಲ್ಲು ಕಚ್ಚಿದಾಗ ತುಟಿಯ ಮೂಲೆ ಮೇಲೇಳುತ್ತದೆ. ಕನ್ನಡಿಯ ಮುಂದೆ ದಿನವೂ ಅಭ್ಯಾಸ ಮಾಡುತ್ತ ಬಂದರೆ ಹಲವರಿಗೆ ಹಲ್ಲು ಕಚ್ಚದೆಯೇ ನಗಲು ಬರುತ್ತದೆ. ಒಂದೊಂದು ಬದಿಗೆ ಒಂದೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇದು ಮಾಡಿಸಿಯೇ ತೀರಬೇಕಾದದ್ದಲ್ಲ. ಬೇಕೆನ್ನುವವರೂ ಬೇಡವೆನ್ನುವವರೂ ಇದ್ದಾರೆ; ಇಬ್ಬರ ನಿರ್ಧಾರವೂ ಗೌರವಕ್ಕೆ ಅರ್ಹ.

೭. ಭಾವಕ್ಕೆ ಬೇರೆ ದಾರಿಗಳು

ತಾನೇ ನಗಲಾರದವನಿಗೆ ಇನ್ನೊಬ್ಬರ ನಗು ಅರ್ಥವಾದೀತೇ? ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾತ್ಲೀನ್ ಬೊಗಾರ್ಟ್ ಸ್ವತಃ ಮೋಬಿಯಸ್‌ನೊಂದಿಗೆ ಹುಟ್ಟಿದವರು. ಅವರು ಡೇವಿಡ್ ಮಾಟ್ಸುಮೊಟೊ ಅವರೊಡನೆ ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೋಬಿಯಸ್ ಇರುವ ೩೭ ಮಂದಿಗೆ ಬೇರೆ ಬೇರೆ ಭಾವದ ಮುಖಗಳ ಚಿತ್ರಗಳನ್ನು ತೋರಿಸಲಾಯಿತು. ಅವರು ಅವುಗಳನ್ನು ಇತರರಷ್ಟೇ ಚೆನ್ನಾಗಿ ಗುರುತಿಸಿದರು. ಎಂದರೆ, ನಾವು ಅವರನ್ನು ಕಂಡು ಮುಖ ಸಿಂಡರಿಸಿದರೆ ಅದು ಅವರಿಗೆ ತಿಳಿಯುತ್ತದೆ.

ತಮ್ಮ ಭಾವವನ್ನು ಅವರು ಹೇಗೆ ತಿಳಿಸುತ್ತಾರೆ? ಧ್ವನಿಯ ಏರಿಳಿತದಿಂದ, ಕೈಯ ಚಲನೆಯಿಂದ, ಮೈಯ ಭಂಗಿಯಿಂದ, ಆರಿಸಿದ ಮಾತಿನಿಂದ. ಇದು ನಮಗೆ ಹೊಸತಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅದನ್ನು ಆಕಾಶವಾಣಿಯಲ್ಲಿ ಕೇಳುವಾಗಲಂತೂ ಅರ್ಥಧಾರಿಯ ಮುಖವೇ ಕಾಣುವುದಿಲ್ಲ. ಆದರೂ ಕರ್ಣನ ದುಃಖಕ್ಕೆ ನಮ್ಮ ಅಜ್ಜ ಅಜ್ಜಿಯರು ಕಣ್ಣೊರಸಿಕೊಳ್ಳುತ್ತಾರೆ. ಸ್ವರವೊಂದರಿಂದಲೇ ರಸವನ್ನು ಹೀರಬಲ್ಲ ಕಿವಿ ನಮ್ಮಲ್ಲಿದೆ. ಅದೇ ಕಿವಿಯನ್ನು ಪಕ್ಕದ ಬೆಂಚಿನ ಗೆಳೆಯನಿಗೂ ಕೊಡಬೇಕು.

೮. ತರಗತಿಯಲ್ಲಿ

ಇಂತಹ ಹೆಚ್ಚಿನ ಮಕ್ಕಳ ಬುದ್ಧಿಶಕ್ತಿ ಎಲ್ಲರಂತೆಯೇ ಇರುತ್ತದೆ. ಕೆಲವರಿಗೆ ಕಲಿಕೆಯ ತೊಂದರೆ ಇರಬಹುದು. ಅದು ತಜ್ಞರು ಪರೀಕ್ಷಿಸಿ ಹೇಳಬೇಕಾದ ಮಾತು, ಮುಖ ನೋಡಿ ಊಹಿಸುವ ಮಾತಲ್ಲ. ಅರೆತೆರೆದ ಬಾಯಿ, ಚಲಿಸದ ಮುಖ, ತೊಡಕುವ ಮಾತು ಇವನ್ನು ಕಂಡು “ಇವನಿಗೆ ತಲೆಗೆ ಹತ್ತುವುದಿಲ್ಲ” ಎಂದು ತೀರ್ಮಾನಿಸಿ ಹಿಂದಿನ ಬೆಂಚಿಗೆ ಕಳುಹಿಸಿದರೆ, ಪ್ರಶ್ನೆ ಕೇಳುವುದನ್ನೇ ಬಿಟ್ಟರೆ, ಆ ಮಗು ಬರಬರುತ್ತ ನಿಜವಾಗಿಯೂ ಹಿಂದುಳಿಯುತ್ತದೆ. ಆಗ ಹಿಂದುಳಿಸಿದ್ದು ನರವಲ್ಲ, ನಾವು.

ಇವರನ್ನು ಕರಿಹಲಗೆಯ ನೇರಕ್ಕೆ, ನಡುವಿನಲ್ಲಿ ಕೂರಿಸುವುದು ಲೇಸು. ಸಾಲು ಓದುವಾಗ ತಲೆ ಆಡಿಸಿದರೆ ಅದು ಚೇಷ್ಟೆಯಲ್ಲ, ಕಣ್ಣಿನ ಕೆಲಸವನ್ನು ಕತ್ತು ಮಾಡುತ್ತಿದೆ. ಉತ್ತರ ಹೇಳಿ ಮುಗಿಯುವವರೆಗೆ ಕಾಯಬೇಕು. ಅರ್ಥವಾಗದಿದ್ದರೆ ಅರ್ಥವಾದಂತೆ ನಟಿಸದೆ “ಇನ್ನೊಮ್ಮೆ ಹೇಳು” ಎನ್ನಬೇಕು. ಮಧ್ಯಾಹ್ನದ ಊಟಕ್ಕೆ ಹೆಚ್ಚು ಹೊತ್ತು ಬೇಕಾದೀತು. ಗಂಟೆ ಬಾರಿಸಿತೆಂದು ಗದರಿಸಬಾರದು. ವರ್ಷಾಂತ್ಯದ ಭಾವಚಿತ್ರಕ್ಕೆ ನಿಂತಾಗ “ನಗು, ನಗು” ಎಂದು ಕೂಗಬಾರದು. ಸಹಪಾಠಿಗಳು “ಯಾಕೆ ಯಾವಾಗಲೂ ಸಿಟ್ಟು?” ಎಂದು ಕೇಳುವ ಬದಲು “ನಿನಗೆ ಖುಷಿಯಾಯಿತೇ?” ಎಂದು ಕೇಳಲಿ. ಉತ್ತರ ಮಾತಿನಲ್ಲಿ ಸಿಗುತ್ತದೆ.

ಮುಖ ಮನಸ್ಸಿನ ಕನ್ನಡಿಯೆಂಬ ಮಾತು ಸುಳ್ಳಲ್ಲ. ಆದರೆ ಅದು ಮನಸ್ಸಿನ ಒಂದು ಕನ್ನಡಿ ಮಾತ್ರ. ಅದು ಮಸುಕಾದಲ್ಲಿ ದನಿ, ಕೈ, ನಡೆ, ನುಡಿ ಎಂಬ ಬೇರೆ ಕನ್ನಡಿಗಳನ್ನು ಹುಡುಕಿ ನೋಡುವುದೇ ವಿದ್ಯಾವಂತರ ಲಕ್ಷಣ.

ಅಭ್ಯಾಸ

೧. ಮುಖನರವು ಎಷ್ಟನೆಯ ಕಪಾಲ ನರ? ಅದರ ನಾಲ್ಕು ಕೆಲಸಗಳನ್ನು ಬರೆಯಿರಿ.

೨. ಬೆಲ್ಸ್ ಪಾಲ್ಸಿಗೂ ಮೋಬಿಯಸ್ ಲಕ್ಷಣಕೂಟಕ್ಕೂ ಇರುವ ವ್ಯತ್ಯಾಸಗಳೇನು?

೩. ಮುಖನರವಿಲ್ಲದಿದ್ದರೂ ಮಗು ಅಗಿಯಬಲ್ಲದು, ಮುತ್ತಿನ ಸ್ಪರ್ಶವನ್ನು ತಿಳಿಯಬಲ್ಲದು. ಹೇಗೆ?

೪. ನಿಮ್ಮ ಮನೆಮಾತಿನಲ್ಲಿ ನೆಂಟರನ್ನು ಕರೆಯುವ ಹತ್ತು ಹೆಸರುಗಳನ್ನು ಬರೆದು, ತುಟಿ ಕೂಡದೆ ಹೇಳಬಹುದಾದವು ಯಾವುವೆಂದು ಗುರುತಿಸಿ.

೫. ಗೆಳೆಯನಿಗೆ ಬೆನ್ನು ತಿರುಗಿಸಿ ಕುಳಿತು “ಊಟವಾಯಿತು” ಎಂಬ ಮಾತನ್ನು ಸಂತೋಷ, ಸಿಟ್ಟು, ದುಃಖ ಈ ಮೂರು ಬಗೆಯಲ್ಲಿ ಹೇಳಿ. ಅವನು ಎಷ್ಟನ್ನು ಸರಿಯಾಗಿ ಗುರುತಿಸಿದನು? ಮನೆಯಲ್ಲಿ ಹಿರಿಯರೊಂದಿಗೂ ಮಾಡಿ ನೋಡಿ.